ಪೋಖರಾದ ಮಣಿಪಾಲ ವೈದ್ಯಕೀಯ ಕಾಲೇಜು: ನೇಪಾಳದಲ್ಲಿ ಎಂಬಿಬಿಎಸ್ ಓದಿಸಲು ಯೋಚಿಸುತ್ತಿರುವ ಪೋಷಕರಿಗೆ

ನೀಟ್‌ನಲ್ಲಿ ಅರ್ಹತೆ ಪಡೆದರೂ ಸರ್ಕಾರಿ ಸೀಟಿಗೆ ರ‍್ಯಾಂಕ್ ಸಾಲದೆ, ಮ್ಯಾನೇಜ್‌ಮೆಂಟ್ ಕೋಟಾದ ಶುಲ್ಕ ಭರಿಸಲಾಗದೆ ಹೊರದೇಶದ ಕಡೆ ನೋಡುವ ಕುಟುಂಬಗಳಲ್ಲಿ ನಮ್ಮದೂ ಒಂದು. ಮಗಳನ್ನು ನೇಪಾಳದ ಪೋಖರಾದಲ್ಲಿರುವ ಮಣಿಪಾಲ ಕಾಲೇಜ್ ಆಫ್ ಮೆಡಿಕಲ್ ಸೈನ್ಸಸ್‌ಗೆ ಸೇರಿಸಿದ್ದೇವೆ. ಅವಳೀಗ ಕ್ಲಿನಿಕಲ್ ಹಂತದಲ್ಲಿ, ಅಂದರೆ ಆಸ್ಪತ್ರೆಯಲ್ಲಿ ರೋಗಿಗಳ ನಡುವೆ ಕಲಿಯುವ ಹಂತದಲ್ಲಿದ್ದಾಳೆ. ನಮ್ಮ ಆಯ್ಕೆ ಸರಿಯಾಗಿತ್ತು ಎಂದೇ ನನ್ನ ಅಭಿಪ್ರಾಯ. ಆದರೆ ಅದು ಎಲ್ಲರಿಗೂ ಸರಿಹೊಂದುವ ಆಯ್ಕೆಯಲ್ಲ.

ಹೆಸರಿನಲ್ಲಿ ಮಣಿಪಾಲ ಇರುವುದರಿಂದ ಉಡುಪಿ ಜಿಲ್ಲೆಯ ಮಣಿಪಾಲದ ಪದವಿಯೇ ಸಿಗುತ್ತದೆ ಎಂದು ಹಲವರು ಭಾವಿಸುತ್ತಾರೆ. ಮಣಿಪಾಲ ಸಮೂಹ 1994ರಲ್ಲಿ ಆರಂಭಿಸಿದ ಈ ಕಾಲೇಜು ಕಠ್ಮಂಡು ವಿಶ್ವವಿದ್ಯಾಲಯದ ಸಂಯೋಜನೆಗೆ ಒಳಪಟ್ಟಿದ್ದು, ಪದವಿಯನ್ನು ಕೊಡುವುದು ಆ ವಿಶ್ವವಿದ್ಯಾಲಯವೇ. ಕೋರ್ಸು 9 ಸೆಮಿಸ್ಟರ್, ಅಂದರೆ ನಾಲ್ಕೂವರೆ ವರ್ಷ. ಮೊದಲ ಎರಡು ವರ್ಷ ಮೂಲ ವಿಜ್ಞಾನಗಳು, ಬಳಿಕ ಆಸ್ಪತ್ರೆಯ ವಾರ್ಡುಗಳು. ಸೇರಲು ಭಾರತದ ನೀಟ್ ಅರ್ಹತೆಯ ಜೊತೆಗೆ ನೇಪಾಳದ ವೈದ್ಯಕೀಯ ಶಿಕ್ಷಣ ಆಯೋಗ ನಡೆಸುವ ಪ್ರವೇಶ ಪರೀಕ್ಷೆಯಲ್ಲೂ ತೇರ್ಗಡೆಯಾಗಬೇಕು. ಈ ಎರಡನೆಯ ಪರೀಕ್ಷೆಯ ಮಾತನ್ನು ಮಧ್ಯವರ್ತಿಗಳು ಕೊನೆಯವರೆಗೂ ಎತ್ತುವುದಿಲ್ಲ.

ಈ ಕಾಲೇಜಿನ ನಿಜವಾದ ಬೆಲೆ ಇರುವುದು ಫೂಲ್‌ಬಾರಿಯಲ್ಲಿರುವ ಅದರ ಬೋಧನಾ ಆಸ್ಪತ್ರೆಯಲ್ಲಿ. ವಿದೇಶದಲ್ಲಿ ಓದಿ ಬಂದ ಅನೇಕ ಮಕ್ಕಳು ಪುಸ್ತಕವನ್ನು ಚೆನ್ನಾಗಿಯೇ ಓದಿರುತ್ತಾರೆ, ಆದರೆ ರೋಗಿಯ ಹಾಸಿಗೆಯ ಪಕ್ಕದಲ್ಲಿ ನಿಂತು ಕಲಿತದ್ದು ಕಡಿಮೆ. ಪೋಖರಾದಲ್ಲಿ ಆ ಕೊರತೆ ನನಗೆ ಕಾಣಲಿಲ್ಲ. ಸುತ್ತಲಿನ ಗುಡ್ಡಗಾಡು ಹಳ್ಳಿಗಳಿಂದ ಬರುವ ರೋಗಿಗಳಲ್ಲಿ ಕ್ಷಯ, ಟೈಫಾಯ್ಡ್, ಮಕ್ಕಳ ಅಪೌಷ್ಟಿಕತೆ ಹೀಗೆ ನಮ್ಮ ಜಿಲ್ಲಾ ಆಸ್ಪತ್ರೆಗಳಲ್ಲಿ ಕಾಣುವ ಕಾಯಿಲೆಗಳೇ ಹೆಚ್ಚು. ಭೇಟಿಗೆಂದು ಹೋಗಿದ್ದಾಗ ಹೊರರೋಗಿ ವಿಭಾಗದ ಬೆಂಚಿನ ಮೇಲೆ, ಜೀವನವಿಡೀ ಕಟ್ಟಿಗೆ ಒಲೆಯ ಹೊಗೆ ಕುಡಿದ ಅಜ್ಜಿಯೊಬ್ಬರು ಎರಡೂ ಕೈಗಳನ್ನು ಮೊಣಕಾಲಿಗೆ ಊರಿ, ತುಟಿ ಮುದುಡಿಸಿ ನಿಧಾನವಾಗಿ ಉಸಿರು ಬಿಡುತ್ತಿದ್ದುದನ್ನು ಕಂಡೆ. ಆ ಭಂಗಿಯನ್ನು ನೋಡಿದ ಕೂಡಲೇ ಶ್ವಾಸಕೋಶದ ಯಾವ ಕಾಯಿಲೆ ಇರಬಹುದೆಂದು ಮಗಳು ಹೇಳಿದಳು. ಕಟ್ಟಿದ ಶುಲ್ಕಕ್ಕೆ ಇದಕ್ಕಿಂತ ಒಳ್ಳೆಯ ಲೆಕ್ಕ ನನಗೆ ಬೇಕಿರಲಿಲ್ಲ.

ಪಾಠ ಇಂಗ್ಲಿಷಿನಲ್ಲಿಯೇ ನಡೆದರೂ ರೋಗಿಗಳ ಮಾತು ನೇಪಾಳಿ. ಹಿಂದಿ ಬಲ್ಲ ಮಕ್ಕಳಿಗೆ ಅದು ಬೇಗ ಒಗ್ಗುತ್ತದೆ. ಕನ್ನಡ ಮಾಧ್ಯಮದಿಂದ ಬಂದು ಹಿಂದಿಯ ರೂಢಿಯೂ ಇಲ್ಲದವರು ವಾರ್ಡಿಗೆ ಇಳಿಯುವ ಮೊದಲೇ, ಎಷ್ಟು ದಿನದಿಂದ ನೋವು, ಜ್ವರ ಯಾವಾಗ ಏರುತ್ತದೆ ಎಂದು ಕೇಳುವಷ್ಟನ್ನಾದರೂ ಕಲಿತಿರಬೇಕು. ಪೋಖರಾದ ಮಳೆ ಕರಾವಳಿಯವರಿಗೆ ಹೊಸದೆನಿಸದು. ಊಟ ದಾಲ್ ಭಾತ್, ಅನ್ನ ತಿನ್ನುವವರಿಗೆ ತೊಂದರೆಯಿಲ್ಲ.

ಹಣದ ವಿಷಯದಲ್ಲಿ ಎಚ್ಚರ ಬೇಕು. ಭಾರತದ ರೂಪಾಯಿಗೆ 1.60 ನೇಪಾಳಿ ರೂಪಾಯಿ ಎಂಬ ದರ 1993ರಿಂದ ಬದಲಾಗಿಲ್ಲವಾದ್ದರಿಂದ ದಿನದ ಖರ್ಚಿನ ಲೆಕ್ಕ ಸುಲಭ. ಆದರೆ ವಿದೇಶಿ ವಿದ್ಯಾರ್ಥಿಗಳ ಶುಲ್ಕವನ್ನು ನೇಪಾಳದ ಕಾಲೇಜುಗಳು ಸಾಮಾನ್ಯವಾಗಿ ಡಾಲರಿನಲ್ಲಿ ಹೇಳುತ್ತವೆ. ಡಾಲರ್ ಏರಿದಂತೆ ಕೊನೆಯ ಕಂತುಗಳು ಮೊದಲಿನವಕ್ಕಿಂತ ಭಾರವಾಗುತ್ತವೆ. ಶಿಕ್ಷಣ ಸಾಲ ತೆಗೆಯುವವರು ಇದನ್ನು ಮೊದಲೇ ಸೇರಿಸಿಕೊಳ್ಳಬೇಕು. ಬೆಂಗಳೂರಿನ ಒಂದು ಕನ್ಸಲ್ಟೆನ್ಸಿಯವರು ನಮ್ಮಿಂದ ‘ಪ್ಯಾಕೇಜ್’ ಹೆಸರಿನಲ್ಲಿ ಹಣ ಕೇಳಿ, ರಸೀದಿಯ ಮಾತು ಬಂದಾಗ ಹಾರಿಕೆಯ ಉತ್ತರ ಕೊಟ್ಟರು. ವಿದೇಶದಲ್ಲಿ ಎಂಬಿಬಿಎಸ್ ಓದಿದವರು ಭಾರತದಲ್ಲಿ ವೈದ್ಯರಾಗಲು ತೇರ್ಗಡೆಯಾಗಬೇಕಾದ ಎಫ್‌ಎಂಜಿಇ ಪರೀಕ್ಷೆ ನೇಪಾಳದಲ್ಲಿ ಓದಿದವರಿಗೆ ಬೇಡವೆಂದೂ ಹೇಳಿದರು. ಅದು ಶುದ್ಧ ಸುಳ್ಳು. ನಾವು ಅಲ್ಲಿಂದ ಎದ್ದು ಬಂದು ಕಾಲೇಜಿನೊಂದಿಗೆ ನೇರವಾಗಿ ಪತ್ರವ್ಯವಹಾರ ಮಾಡಿದೆವು.

ಭಾರತದ ರಾಷ್ಟ್ರೀಯ ವೈದ್ಯಕೀಯ ಆಯೋಗದ 2021ರ ನಿಯಮಗಳ ಪ್ರಕಾರ ವಿದೇಶದ ಕೋರ್ಸು ಕನಿಷ್ಠ 54 ತಿಂಗಳಿನದಾಗಿರಬೇಕು, ಇಂಗ್ಲಿಷ್ ಮಾಧ್ಯಮದಲ್ಲಿರಬೇಕು, ಅದೇ ಸಂಸ್ಥೆಯಲ್ಲಿ 12 ತಿಂಗಳ ಇಂಟರ್ನ್‌ಶಿಪ್ ಆಗಬೇಕು ಮತ್ತು ಭಾರತಕ್ಕೆ ಬಂದ ಮೇಲೆ ಇನ್ನೂ 12 ತಿಂಗಳ ಇಂಟರ್ನ್‌ಶಿಪ್ ಮಾಡಬೇಕು. ನಾಲ್ಕೂವರೆ ವರ್ಷದ ಕೋರ್ಸು ಸರಿಯಾಗಿ 54 ತಿಂಗಳಾಗುವುದರಿಂದ, ಒಂದು ತಿಂಗಳು ಕಡಿಮೆಯಾದರೂ ತೊಡಕು; ಪ್ರಮಾಣಪತ್ರದಲ್ಲಿ ಆರಂಭ ಮತ್ತು ಮುಕ್ತಾಯದ ದಿನಾಂಕ ಹೇಗೆ ನಮೂದಾಗುತ್ತದೆ ಎಂಬುದನ್ನು ಕಾಲೇಜಿನಿಂದ ಬರಹದಲ್ಲಿ ಪಡೆಯಿರಿ. ಎಫ್‌ಎಂಜಿಇ 300 ಅಂಕಗಳಿಗೆ ನಡೆಯುತ್ತದೆ, ತೇರ್ಗಡೆಗೆ 150 ಬೇಕು.

ಸುರಕ್ಷತೆಯ ಪ್ರಶ್ನೆಯನ್ನು ಎಲ್ಲ ತಾಯಂದಿರೂ ಕೇಳುತ್ತಾರೆ. 2022ರಲ್ಲಿ ಹಾವೇರಿ ಜಿಲ್ಲೆಯ ವಿದ್ಯಾರ್ಥಿ ಉಕ್ರೇನಿನ ಖಾರ್ಕಿವ್‌ನಲ್ಲಿ ಶೆಲ್ ದಾಳಿಗೆ ಬಲಿಯಾದುದನ್ನು ಯಾವ ಕನ್ನಡ ಮನೆಯೂ ಮರೆತಿಲ್ಲ. ನೇಪಾಳದಲ್ಲೂ 2025ರ ಸೆಪ್ಟೆಂಬರ್‌ನಲ್ಲಿ ಯುವಜನರ ಪ್ರತಿಭಟನೆ ಹಿಂಸೆಗೆ ತಿರುಗಿ ಸರ್ಕಾರವೇ ಬಿತ್ತು, ಕಠ್ಮಂಡುವಿನ ವಿಮಾನ ಸಂಚಾರ ನಿಂತಿತು. ಆ ರಾತ್ರಿಗಳಲ್ಲಿ ನಾವು ನಿದ್ದೆ ಮಾಡಲಿಲ್ಲ. ಆದರೂ ವೀಸಾ ಬೇಡದ, ಸುನೌಲಿ ಗಡಿ ದಾಟಿ ಗೋರಖಪುರದಲ್ಲಿ ರೈಲು ಹತ್ತಬಹುದಾದ ದೇಶವೆಂಬುದು ಆಗ ನಮಗೆ ದೊಡ್ಡ ಧೈರ್ಯವಾಗಿತ್ತು.

ಭಾರತದಲ್ಲಿ ಇನ್ನೊಂದು ವರ್ಷ ಓದಿದರೆ ಸರ್ಕಾರಿ ಸೀಟು ಸಿಗುವಷ್ಟು ಅಂಕ ಹತ್ತಿರವಿರುವ ಮಕ್ಕಳನ್ನು ನಾನು ನೇಪಾಳಕ್ಕೆ ಕಳುಹಿಸುತ್ತಿರಲಿಲ್ಲ. ಮೊದಲ ಕಂತನ್ನು ಸಾಲ ಮಾಡಿ ಕಟ್ಟಿ ಮುಂದಿನದನ್ನು ಆಮೇಲೆ ನೋಡಿಕೊಳ್ಳೋಣ ಎನ್ನುವವರಿಗೂ ಇದನ್ನು ಶಿಫಾರಸು ಮಾಡಲಾರೆ. ಉಳಿದವರು ಹಣ ಕಟ್ಟುವ ಮೊದಲು ಮಗುವನ್ನೂ ಕರೆದುಕೊಂಡು ಒಮ್ಮೆ ಪೋಖರಾಕ್ಕೆ ಹೋಗಿ, ಮಚ್ಛಾಪುಚ್ಛ್ರೆ ಶಿಖರ ನೋಡುವ ಮುನ್ನ ಆಸ್ಪತ್ರೆಯ ಹೊರರೋಗಿ ವಿಭಾಗದಲ್ಲಿ ಒಂದು ಬೆಳಗು ಕುಳಿತು, ಅಲ್ಲಿ ಓದುತ್ತಿರುವ ಕರ್ನಾಟಕದ ಹಿರಿಯ ವಿದ್ಯಾರ್ಥಿಗಳನ್ನು ಮಾತನಾಡಿಸಿ ಬರಲಿ.