ಜಿಪಿಜಿ: ಕಷ್ಟ ಕೊಡುತ್ತೆ, ಆದರೆ ಕೀ ನಮ್ಮ ಹತ್ತಿರವೇ ಇರುತ್ತೆ

ಗ್ನೂ ಪ್ರೈವಸಿ ಗಾರ್ಡ್, ಅಂದರೆ ಜಿಪಿಜಿ, ಫೈಲ್ ಬೇರೆಯವರಿಗೆ ಓದಲಾಗದಂತೆ ಬೀಗ ಹಾಕುವ (ಎನ್‌ಕ್ರಿಪ್ಟ್ ಮಾಡುವ), ಕಲಿಯೋಕೆ ಕಷ್ಟದ ಸಾಫ್ಟ್‌ವೇರ್. ಆದರೂ ಗ್ರಾಹಕರ ಫೈಲ್ ಕಳಿಸುವಾಗ ನಾನು ಬಳಸುವುದು ಇದನ್ನೇ. ಲೆಕ್ಕ ಬರೆಯುವುದು ನನ್ನ ಕೆಲಸ. ಯಾರ ಸಂಬಳ ಎಷ್ಟು, ಸಾಲ ಎಷ್ಟು ಅನ್ನೋದೆಲ್ಲ ನನ್ನ ಕಂಪ್ಯೂಟರಿನಲ್ಲಿರುತ್ತದೆ. ಅದು ಕಂಡವರ ಕಣ್ಣಿಗೆ ಬೀಳಬಾರದು ಅಲ್ವಾ?

ವಿಂಡೋಸ್‌ನಲ್ಲಿ ಜಿಪಿಜಿ4ವಿನ್ ಹಾಕಿಕೊಂಡರೆ ಜೊತೆಗೆ ಕೀಗಳನ್ನು ನೋಡಿಕೊಳ್ಳುವ ಕ್ಲಿಯೋಪಾತ್ರ ಎಂಬ ಪ್ರೋಗ್ರಾಂ ಬರುತ್ತದೆ. ಹೆಸರು, ಇಮೇಲ್, ಪಾಸ್‌ಫ್ರೇಸ್ (ಉದ್ದನೆಯ ಪಾಸ್‌ವರ್ಡ್) ಕೊಟ್ಟರೆ ಎರಡು ಕೀ ತಯಾರಾಗುತ್ತವೆ. ಬೀಗ ಹಾಕುವ ಪಬ್ಲಿಕ್ ಕೀ ಯಾರಿಗೆ ಬೇಕಾದರೂ ಕೊಡಬಹುದು. ಬೀಗ ತೆಗೆಯುವ ಸೀಕ್ರೆಟ್ ಕೀ ಹುಟ್ಟುವುದು ನಮ್ಮ ಕಂಪ್ಯೂಟರಿನಲ್ಲೇ, ಉಳಿಯುವುದೂ ಅಲ್ಲೇ. ಸರ್ಕಾರ ಹೋಗಿ ಕೇಳಿದರೂ ಜಿಪಿಜಿ ಬರೆದವರ ಹತ್ತಿರ ಕೊಡೋಕೆ ನಕಲೇ ಇಲ್ಲ. ನನಗೆ ಇದು ಎಲ್ಲಕ್ಕಿಂತ ದೊಡ್ಡ ಗುಣ.

ಈ ಗುಣ ಸುಮ್ನೆ ಬಂದಿದ್ದಲ್ಲ. 1993ರಲ್ಲಿ ಅಮೆರಿಕ ಸರ್ಕಾರ ಫೋನ್ ಮಾತನ್ನು ಎನ್‌ಕ್ರಿಪ್ಟ್ ಮಾಡುವ ಕ್ಲಿಪ್ಪರ್ ಚಿಪ್ ತಂದಿತು. ಪ್ರತಿ ಚಿಪ್‌ನ ಕೀಯನ್ನು ಎರಡು ಭಾಗ ಮಾಡಿ ಎರಡು ಸರ್ಕಾರಿ ಕಚೇರಿಗಳಲ್ಲಿ ಇಡುವ ಏರ್ಪಾಡು ಅದು. ಮರುವರ್ಷವೇ ಸಂಶೋಧಕ ಮ್ಯಾಟ್ ಬ್ಲೇಜ್ ಅದರ ಹುಳುಕು ತೋರಿಸಿದರು. ಸರ್ಕಾರಕ್ಕೆ ದಾರಿ ಬಿಡುವ ಭಾಗವನ್ನು ಕಾಯುತ್ತಿದ್ದದ್ದು ಬರೀ 16 ಬಿಟ್‌ನ ಚೆಕ್‌ಸಮ್, ಅಂದರೆ ತಾಳೆ ನೋಡುವ ಒಂದು ಚಿಕ್ಕ ಸಂಖ್ಯೆ! ಅದನ್ನು ದಾಟಿದರೆ ಸರ್ಕಾರದ ಕೈಗೂ ಏನೂ ಸಿಗುತ್ತಿರಲಿಲ್ಲ.

ಆಗ ಬಲವಾದ ಎನ್‌ಕ್ರಿಪ್ಷನ್ ಅಮೆರಿಕದ ರಫ್ತು ನಿಯಮದಲ್ಲಿ ಯುದ್ಧ ಸಾಮಗ್ರಿಗಳ ಪಟ್ಟಿಯಲ್ಲಿತ್ತು. ಜಿಪಿಜಿಗೆ ಮಾದರಿಯಾದ ಪಿಜಿಪಿ ಎಂಬ ಸಾಫ್ಟ್‌ವೇರ್ ಬರೆದ ಫಿಲ್ ಝಿಮ್ಮರ್‌ಮನ್ ಮೇಲೆ ತನಿಖೆ ನಡೆದು, 1996ರಲ್ಲಿ ಕೈಬಿಟ್ಟರು. ಪುಸ್ತಕಕ್ಕೆ ಆ ತಡೆ ಇಲ್ಲವಾದ್ದರಿಂದ ಪಿಜಿಪಿ ಕೋಡನ್ನು ಪುಸ್ತಕವಾಗಿ ಅಚ್ಚು ಹಾಕಿ ಹೊರದೇಶಕ್ಕೆ ಸಾಗಿಸಿ, ಅಲ್ಲಿ ಪುಟ ಪುಟ ಸ್ಕ್ಯಾನ್ ಮಾಡಿದರು. ಅಷ್ಟು ಪಾಡುಪಟ್ಟವರನ್ನು ನೆನೆದರೆ ಈಗಲೂ ಗೌರವ ಬರುತ್ತದೆ. ವರ್ನರ್ ಕಾಖ್ 1997ರಲ್ಲಿ ಜಿಪಿಜಿ ಶುರು ಮಾಡಿದ್ದು ಜರ್ಮನಿಯಲ್ಲಿ, ಅಮೆರಿಕದ ನಿಯಮದ ಕೈಗೆ ಸಿಗದ ಜಾಗದಲ್ಲಿ. 2000ದಲ್ಲಿ ಆ ನಿಯಮ ಸಾಕಷ್ಟು ಸಡಿಲವಾಯಿತು, ನಿಜ. ಆದರೆ ರಫ್ತಿಗೆಂದೇ ಬಲ ಕುಗ್ಗಿಸಿದ್ದ 512 ಬಿಟ್ ಕೀಗಳನ್ನು 2015ರಲ್ಲೂ ಎಷ್ಟೋ ವೆಬ್ ಸರ್ವರ್‌ಗಳು ಒಪ್ಪುತ್ತಿದ್ದವು. ಫ್ರೀಕ್ ಎಂಬ ದಾಳಿ ನುಗ್ಗಿದ್ದು ಅಲ್ಲೇ.

ಇನ್ನು ದೂರುಗಳು. ಕೈಗೆ ಬಂದ ಪಬ್ಲಿಕ್ ಕೀ ನಿಜಕ್ಕೂ ಆ ಗ್ರಾಹಕರದ್ದೇನಾ ಅಂತ ತಿಳಿಯೋಕೆ ಕೀಯ ಗುರುತಾದ 40 ಅಕ್ಷರದ ಫಿಂಗರ್‌ಪ್ರಿಂಟ್ ಹೋಲಿಸಬೇಕು. ನಾನು ಫೋನ್ ಮಾಡಿ ನಾಲ್ಕು ನಾಲ್ಕು ಅಕ್ಷರ ಓದುತ್ತೇನೆ, ಆ ಕಡೆಯವರು ಒಂದೊಂದಕ್ಕೂ "ಹೂಂ, ಮುಂದೆ" ಅನ್ನುತ್ತಾರೆ. ಹೊಸಬರಿಗೆ ಇದು ಬೇಸರ ತರಿಸುತ್ತದೆ. ಇಮೇಲ್‌ಗೆ ಬಳಸಿದರೆ ಸಬ್ಜೆಕ್ಟ್ ಸಾಲು ಸಾಮಾನ್ಯವಾಗಿ ಬಯಲಲ್ಲೇ ಇರುತ್ತದೆ, ಅಲ್ಲಿ ಗ್ರಾಹಕರ ಹೆಸರು ಬರೆಯಬೇಡಿ. ಸೀಕ್ರೆಟ್ ಕೀ ಒಮ್ಮೆ ಕಳ್ಳರ ಪಾಲಾಗಿ ಪಾಸ್‌ಫ್ರೇಸೂ ಸಿಕ್ಕಿದರೆ ಹಳೆಯ ಫೈಲ್‌ಗಳೂ ತೆರೆದುಕೊಳ್ಳುತ್ತವೆ. ದಿನದ ಹರಟೆಗೆ ಸಿಗ್ನಲ್ ಎಂಬ ಮೆಸೇಜ್ ಆ್ಯಪ್ ಜಾಸ್ತಿ ಒಳ್ಳೆಯದು.

ಪಾಸ್‌ಫ್ರೇಸ್ ಮರೆತರೆ, ಅಥವಾ ಕಂಪ್ಯೂಟರ್ ಕೆಟ್ಟು ಕೀ ಹೋದರೆ, ಯಾವ ಸಹಾಯವಾಣಿಯೂ ಬಿಡಿಸಿಕೊಡಲ್ಲ. ಹಾಗಾಗಿ ಕೀ ಮಾಡಿದ ದಿನವೇ ಅದರ ಬ್ಯಾಕಪ್ ಮತ್ತು ರಿವೊಕೇಷನ್ ಸರ್ಟಿಫಿಕೇಟ್ (ಈ ಕೀ ಇನ್ನು ಬಳಸಬೇಡಿ ಎಂದು ಸಾರುವ ಫೈಲ್) ಎರಡನ್ನೂ ಪೆನ್‌ಡ್ರೈವ್‌ಗೆ ಹಾಕಿ ಬೇರೆ ಕಡೆ ಎತ್ತಿಡಿ.