ಗುರುಪೂರ್ಣಿಮೆಗೆ ಮಠದ ಪಾದಪೂಜೆಯೋ, ಗುರುಗಳ ಮನೆಗೆ ಫಲತಾಂಬೂಲವೋ?

ಆಷಾಢ ಹುಣ್ಣಿಮೆಯಂದು ಮಠಗಳಲ್ಲಿ ವ್ಯಾಸಪೂಜೆ ಇರುತ್ತದೆ, ಜನಸಂದಣಿಯೂ ಇರುತ್ತದೆ. ಪಾದಪೂಜೆ ಮಾಡಿಸಬೇಕೆಂದರೆ ಕಚೇರಿಯಲ್ಲಿ ಮೊದಲೇ ಕೇಳಿ ರಸೀದಿ ಮಾಡಿಸಿ. ಗಂಡಸರಿಗೆ ಪಂಚೆ, ಶಲ್ಯ ಬೇಕಾಗಬಹುದು. ಅವತ್ತೇ ಹೋಗಬೇಕೆಂಬ ಹಟ ಬೇಡ. ಚಾತುರ್ಮಾಸ್ಯದಲ್ಲಿ ಯತಿಗಳು ಒಂದೇ ಊರಲ್ಲಿ ನಿಲ್ಲುತ್ತಾರೆ, ವಾರ ಬಿಟ್ಟು ಹೋದರೆ ಎರಡು ಮಾತಿಗೂ ಸಿಗುತ್ತಾರೆ.

ಸಂಗೀತ, ಯೋಗ ಕಲಿಸಿದ ಗುರುಗಳಿಗೆ ಫಲತಾಂಬೂಲವೇ ಸರಿ. ತಟ್ಟೆಯಲ್ಲಿ 5 ವೀಳ್ಯದೆಲೆ, 2 ಅಡಿಕೆ, ಜುಟ್ಟಿರುವ ತೆಂಗಿನಕಾಯಿ, ಬಾಳೆಹಣ್ಣು, ಮೇಲೆ 101 ಅಥವಾ 501 ದಕ್ಷಿಣೆ. ಎಲೆ ಹಿಂದಿನ ದಿನವೇ ತಂದರೆ ಒದ್ದೆ ಬಟ್ಟೆಯಲ್ಲಿ ಸುತ್ತಿಡಿ, ಇಲ್ಲವಾದರೆ ಬಾಡುತ್ತದೆ. ಎರಡೂ ಕೈಯಲ್ಲಿ ಕೊಟ್ಟು, ಆಮೇಲೆ ನಮಸ್ಕಾರ. ಕೈ ಅಡ್ಡಹಾಯಿಸಿ ಬಲಗೈ ಅವರ ಬಲಪಾದಕ್ಕೆ, ಎಡಗೈ ಎಡಪಾದಕ್ಕೆ ಮುಟ್ಟಿಸುವುದು ಕ್ರಮ. ಕಾಲು ಮುಟ್ಟಿಸಿಕೊಳ್ಳಲು ಕೆಲವರಿಗೆ ಮುಜುಗರ, ಮಡಿಯಲ್ಲಿರುವವರಿಗೆ ಮೈಲಿಗೆ, ಕೇಳಿಯೇ ಬಾಗಿ.

ಮೈಸೂರು ಸಂಪ್ರದಾಯದ ಅಷ್ಟಾಂಗ ಯೋಗ ಕಲಿಯುವವರು ಒಂದು ಗಮನಿಸಿ: ಹುಣ್ಣಿಮೆಗೆ ಅಲ್ಲಿ ಅಭ್ಯಾಸಕ್ಕೆ ರಜೆ. ಶಾಲೆಗೆ ಹೋಗಿ ಬೀಗ ನೋಡಿ ಬರುವ ಬದಲು ಹಿಂದಿನ ದಿನವೇ ಸಮಯ ಕೇಳಿಕೊಳ್ಳಿ.

ಗುರುಗಳು ದೂರದಲ್ಲಿದ್ದರೆ ಮನೆಯಲ್ಲೇ ಪಾದುಕೆ ಪೂಜೆ ಆಗುತ್ತದೆ. ಮರದ ಪಾದುಕೆಗೆ ಮಾತ್ರ ಪಂಚಾಮೃತ ಸುರಿಯಬೇಡಿ: ಜೇನು, ಸಕ್ಕರೆ ಸಂದಿಯಲ್ಲಿ ಉಳಿದು ಇರುವೆ ಮುತ್ತುತ್ತದೆ, ನೀರು ಕುಡಿದ ಮರ ಬಿರಿಯುತ್ತದೆ. ಹೂವಿನಿಂದ ನೀರು ಪ್ರೋಕ್ಷಿಸಿ ಒರೆಸಿದರೆ ಸಾಕು.