ಕೆಜಿಎಫ್‌ಗೆ ಒಂದು ದಿನದ ಭೇಟಿ: ರೈಲು, ಲೈನ್ ಮನೆಗಳು, ಸೈನೈಡ್ ದಿಬ್ಬಗಳು

ಕೋಲಾರ ಜಿಲ್ಲೆಯ ಪ್ರವಾಸವೆಂದರೆ ಕೋಲಾರಮ್ಮನ ಗುಡಿ, ಅಂತರಗಂಗೆ, ಕಮ್ಮಸಂದ್ರದ ಕೋಟಿಲಿಂಗೇಶ್ವರ, ಅಲ್ಲಿಗೆ ಮುಗಿಯಿತು ಎಂದುಕೊಳ್ಳುವವರೇ ಹೆಚ್ಚು. ಕಮ್ಮಸಂದ್ರಕ್ಕೆ ಇಷ್ಟು ಹತ್ತಿರವಿರುವ ಚಿನ್ನದ ಗಣಿಗಳ ಊರು ಕೆಜಿಎಫ್‌ಗೆ (ಕೋಲಾರ ಗೋಲ್ಡ್ ಫೀಲ್ಡ್ಸ್) ಅವರು ಬರುವುದಿಲ್ಲ. ಬಂದರೂ ಸಿನಿಮಾದಲ್ಲಿ ಕಂಡ ದಿಬ್ಬದ ಎದುರು ಫೋಟೊ ತೆಗೆಸಿಕೊಂಡು ಹಿಂದಿರುಗುತ್ತಾರೆ. ಇದು ಇಡೀ ಒಂದು ದಿನ ಕೊಟ್ಟು ನೋಡಬೇಕಾದ ಊರು. ನಮ್ಮ ಜಿಲ್ಲೆಯಲ್ಲಿ ಇಷ್ಟನ್ನು ಕಲಿಸುವ ಸ್ಥಳ ಇನ್ನೊಂದಿಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ.

ಕಾರಿಗಿಂತ ರೈಲಿನಲ್ಲಿ ಹೋಗುವುದು ಒಳ್ಳೆಯದು. ಬಂಗಾರಪೇಟೆಯಿಂದ ಮಾರಿಕುಪ್ಪಂವರೆಗಿನ ಈ ಕವಲು ಮಾರ್ಗವನ್ನು 1894ರಲ್ಲಿ ಹಾಕಿದ್ದೇ ಗಣಿಗಳಿಗಾಗಿ. ಕೋರಮಂಡಲ್, ಉರಿಗಾಂ, ಚಾಂಪಿಯನ್ ಎಂಬ ನಿಲ್ದಾಣಗಳ ಹೆಸರುಗಳೆಲ್ಲ ಗಣಿಗಳ ಹೆಸರುಗಳೇ. ಬೆಳಿಗ್ಗೆ ಬೆಂಗಳೂರಿನ ಕಡೆ ಹೊರಡುವ ಗಾಡಿಗಳಲ್ಲಿ ಕಾಲಿಡಲು ಜಾಗವಿರುವುದಿಲ್ಲ, ಏಕೆಂದರೆ 2001ರ ಫೆಬ್ರವರಿ 28ರಂದು ಗಣಿ ಮುಚ್ಚಿದ ಮೇಲೆ ಈ ಊರಿನ ಸಾವಿರಾರು ಮನೆಗಳ ಅನ್ನ ಈ ರೈಲಿನ ಮೇಲೆಯೇ ನಿಂತಿದೆ. ನಾವು ಎದುರು ದಿಕ್ಕಿನಲ್ಲಿ ಹೋಗುವವರಾದ್ದರಿಂದ ಕಿಟಕಿಯ ಪಕ್ಕದಲ್ಲೇ ಕುಳಿತು ಹೋದೆವು.

ಪರಿಚಿತರೊಬ್ಬರ ಮೂಲಕ ನಿವೃತ್ತ ಗಣಿ ಕಾರ್ಮಿಕರೊಬ್ಬರು ಊರು ತೋರಿಸಲು ಜೊತೆಗೆ ಬಂದರು. ಈ ಪ್ರವಾಸದ ಬೆಲೆಯೆಲ್ಲ ಅವರಿಂದಲೇ ಬಂತು ಎಂದರೆ ತಪ್ಪಾಗಲಾರದು. ಉತ್ತರ ಆರ್ಕಾಟ್, ಧರ್ಮಪುರಿ, ಸೇಲಂ ಕಡೆಗಳಿಂದ ಬಂದ ತಮಿಳು ಕಾರ್ಮಿಕರಿಗಾಗಿ ಸಾಲುಸಾಲಾಗಿ ಕಟ್ಟಿದ ಲೈನ್ ಮನೆಗಳ ನಡುವೆ ಅವರು ನಮ್ಮನ್ನು ನಿಧಾನವಾಗಿ ನಡೆಸಿದರು. ಒಂದು ಮನೆಯೊಳಗೆ ಕರೆದಾಗ ತಲೆ ಬಗ್ಗಿಸಿಯೇ ಹೋಗಬೇಕಾಯಿತು: ಒಂದೇ ಕೋಣೆ, ಅದರ ಮೂಲೆಯಲ್ಲೇ ಒಲೆ, ಗೋಡೆಯ ಮೇಲೆ ಅಂಬೇಡ್ಕರ್ ಮತ್ತು ಬುದ್ಧರ ಪಟಗಳು, ಹೊರಗೆ ಹೊಸ್ತಿಲ ಮುಂದೆ ಎಳೆದ ರಂಗೋಲಿ. "ಶಿಫ್ಟಿನ ಸೈರನ್ನೇ ನಮಗೆ ಗಡಿಯಾರ ಸಾರ್. ಹೊತ್ತಲ್ಲದ ಹೊತ್ತಲ್ಲಿ ಕೂಗಿದ್ರೆ ಹೆಂಗಸ್ರೆಲ್ಲ ಶಾಫ್ಟ್ ಹತ್ರ ಓಡ್ತಿದ್ರು" ಎಂದು ಅವರು ಹೇಳಿದರು. ಶಾಫ್ಟ್ ಎಂದರೆ ಗಣಿಯೊಳಗೆ ಇಳಿಯುವ ಆಳದ ಬಾವಿ. ಆಳದಲ್ಲಿ ಬಂಡೆ ಸಿಡಿದಾಗ ಮೇಲಿನ ಮನೆಗಳ ಪಾತ್ರೆಗಳೂ ಅದುರುತ್ತಿದ್ದವಂತೆ.

ಶಾಫ್ಟ್‌ಗಳ ಒಳಗೆ ಯಾರಿಗೂ ಪ್ರವೇಶವಿಲ್ಲ. ಅವುಗಳಲ್ಲಿ ನೀರು ತುಂಬಿದೆ. ಬೇಲಿಯಾಚೆ ತುಕ್ಕು ಹಿಡಿದು ನಿಂತಿರುವ, ಕಾರ್ಮಿಕರನ್ನು ಹೊತ್ತ ಕೇಜನ್ನು (ಪಂಜರದಂಥ ಲಿಫ್ಟನ್ನು) ಇಳಿಸಿ ಏರಿಸುತ್ತಿದ್ದ ಗಾಲಿಗಳ ಕಬ್ಬಿಣದ ಗೋಪುರವನ್ನು ದೂರದಿಂದಲೇ ನೋಡಬೇಕು. ಆದರೆ ಅದರ ಕೆಳಗೆ ಏನಿತ್ತೆಂದು ತಿಳಿದು ನೋಡಿದರೆ ಅಲ್ಲಿಂದ ಬೇಗ ಹೊರಡಲು ಮನಸ್ಸಾಗುವುದಿಲ್ಲ. ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಇಳಿದಿತ್ತು, ಅಲ್ಲಿ ಬಂಡೆಯ ಬಿಸಿ 50 ಡಿಗ್ರಿ ದಾಟುತ್ತಿತ್ತು, ಇಂಥ ಬಿಸಿಯಲ್ಲಿ ದುಡಿದವರು ಕೆಜಿಎಫ್‌ನ ಗಣಿಗಳಿಂದ ನೂರಿಪ್ಪತ್ತು ವರ್ಷಗಳಲ್ಲಿ ಒಟ್ಟು ಸುಮಾರು 800 ಟನ್ ಚಿನ್ನ ತೆಗೆದುಕೊಟ್ಟರು. ಈ ಗಣಿಗಳಿಗಾಗಿಯೇ ಶಿವನಸಮುದ್ರದಿಂದ ಸುಮಾರು 147 ಕಿಲೋಮೀಟರ್ ತಂತಿ ಎಳೆದು 1902ರಲ್ಲಿ ವಿದ್ಯುತ್ ತಂದರು. ಬೆಂಗಳೂರಿನ ಬೀದಿಗಳಿಗೆ ದೀಪ ಬಂದದ್ದು ಅದಾದ ಮೂರು ವರ್ಷಗಳ ನಂತರ. 1965ರಲ್ಲಿ ಇದೇ ಗಣಿಯ ಆಳದಲ್ಲಿ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ವಿದೇಶಿ ಸಹೋದ್ಯೋಗಿಗಳೊಂದಿಗೆ ವಾತಾವರಣದಲ್ಲಿ ಹುಟ್ಟುವ ನ್ಯೂಟ್ರಿನೊಗಳನ್ನು, ಅಂದರೆ ಬಂಡೆಯನ್ನೂ ಸುಲಭವಾಗಿ ಹಾಯ್ದುಹೋಗುವ ಅತಿ ಸೂಕ್ಷ್ಮ ಕಣಗಳನ್ನು, ಗುರುತಿಸಿದರು.

ಇಷ್ಟೆಲ್ಲ ನಡೆದ ಊರಿನಲ್ಲಿ, ನಾವು ಓಡಾಡಿದ ದಾರಿಗಳಲ್ಲಿ ಇದನ್ನು ಹೇಳುವ ಒಂದು ಫಲಕವೂ ಕಾಣಲಿಲ್ಲ. ಈ ಭೇಟಿಯ ದೊಡ್ಡ ಕೊರತೆ ಇದೇ, ಮತ್ತು ಇದು ನನ್ನನ್ನು ಬಹಳ ನೋಯಿಸಿತು. ಗಣಿ ಮುಚ್ಚಿದಾಗ ಮೂವತ್ತರ ಹರೆಯದಲ್ಲಿದ್ದವರು ಈಗ ಐವತ್ತು ದಾಟಿದ್ದಾರೆ. ಕೇಜಿನಲ್ಲಿ ಇಳಿದು ಕೆಲಸ ಮಾಡಿದವರು ಬದುಕಿರುವಾಗಲೇ ಅವರ ಹೆಲ್ಮೆಟ್ಟು, ದೀಪ, ಮಾತುಗಳನ್ನು ಒಂದು ಕಟ್ಟಡದಲ್ಲಿ ಕೂಡಿಡಬೇಕು, ಊರು ತೋರಿಸುವ ಕೆಲಸವನ್ನೂ ಸಂಬಳ ಕೊಟ್ಟು ಅವರಿಗೇ ವಹಿಸಬೇಕು.

ಸೈನೈಡ್ ದಿಬ್ಬಗಳ ಬಗ್ಗೆ ಒಂದು ಎಚ್ಚರಿಕೆ. ಅದಿರನ್ನು ಹಿಟ್ಟಿನಂತೆ ಅರೆದು, ಸೈನೈಡ್ ದ್ರಾವಣದಿಂದ ಚಿನ್ನ ಬೇರ್ಪಡಿಸಿದ ಮೇಲೆ ಉಳಿದ ಕೆಸರನ್ನು ದಶಕಗಳ ಕಾಲ ಸುರಿದು ಆದ ಗುಡ್ಡಗಳಿವು. ಮಳೆ ನೀರು ಅವುಗಳ ಮೈಯಲ್ಲಿ ಆಳುದ್ದದ ಕೊರಕಲುಗಳನ್ನು ತೋಡಿದೆ. ಸಂಜೆಯ ಬಿಸಿಲಿನಲ್ಲಿ ನೋಡಲು ಚೆನ್ನಾಗಿರುವುದು ನಿಜವಾದರೂ ದಯವಿಟ್ಟು ಯಾರೂ ಹತ್ತಬೇಡಿ, ಮಕ್ಕಳನ್ನಂತೂ ಹತ್ತಿಸಲೇಬೇಡಿ. ಗಾಳಿ ಜೋರಾದ ದಿನ ಆ ನುಣುಪು ದೂಳು ಹತ್ತಿರದ ಮನೆಗಳ ಅಡುಗೆಯ ಮೇಲೆ ಬೀಳುತ್ತದೆ, ಅಲ್ಲಿಯ ಜನ ಅದನ್ನು ವರ್ಷಗಟ್ಟಲೆ ಉಸಿರಾಡಿದ್ದಾರೆ.

ಊಟಕ್ಕೆ ರಾಬರ್ಟ್‌ಸನ್‌ಪೇಟೆಯ ಮಾರುಕಟ್ಟೆಯ ಸುತ್ತ ಸಣ್ಣ ಹೋಟೆಲುಗಳಿವೆ; ನಾವು ತಿಂದ ಇಡ್ಲಿ, ಸಾಂಬಾರ್ ಬಿಸಿಯಾಗಿ ರುಚಿಯಾಗಿದ್ದವು. ಸಂಜೆ ಬಂಗಾರಪೇಟೆಯಲ್ಲಿ ರೈಲು ಬದಲಿಸುವಾಗ ಸಮಯವಿದ್ದರೆ ಅಲ್ಲಿನ ಪಾನಿಪುರಿಯನ್ನು ಬಿಡಬೇಡಿ. ಅದರ ಪಾನಿ ನೋಡಲು ಬರಿಯ ನೀರಿನಂತೆ ತಿಳಿಯಾಗಿದ್ದರೂ ನಾಲಿಗೆಗೆ ಚುರುಕು ಮುಟ್ಟಿಸುತ್ತದೆ.

ನೆರಳು ಕಡಿಮೆಯಾದ್ದರಿಂದ ಬೇಸಿಗೆಯಲ್ಲಿ ಬೇಡ, ನವೆಂಬರಿನಿಂದ ಜನವರಿಯವರೆಗೆ ಹೋಗಿ. ಲೈನ್ ಮನೆಗಳ ಫೋಟೊ ತೆಗೆಯುವ ಮುನ್ನ ಮನೆಯವರನ್ನು ಕೇಳಿ, ಜೊತೆಗೆ ಬರುವ ಹಿರಿಯರ ಸಂಭಾವನೆಯನ್ನು ಮೊದಲೇ ಮಾತಾಡಿಕೊಂಡು ಕೈತುಂಬ ಕೊಡಿ.